ವಿಡಿಯೊಗೆ ಹೊಸ ವಿಷಯ: ಗಿರಾಕಿಯ ಪ್ರಶ್ನೆಯೇ ಬಂಡವಾಳ

ವಸ್ತಾರೆಯಿಂದ ಆಲ್ದೂರು, ಮೂಡಿಗೆರೆ, ಕಳಸದವರೆಗೆ ಹಬ್ಬಿರುವ ಕಾಫಿ ಸೀಮೆಯಲ್ಲಿ ಕಾಫಿ ಪುಡಿ, ಕಾಳುಮೆಣಸು, ಜೇನು, ಏಲಕ್ಕಿ ಮೊದಲಾದ ಸರಕುಗಳನ್ನು ಸಿದ್ಧಪಡಿಸಿ ಮಾರುವ ಸಣ್ಣ ಉದ್ಯಮಿಗಳಲ್ಲಿ ಹಲವರು ಅಂತರ್ಜಾಲದಲ್ಲಿ ತಮ್ಮದೇ ವಿಡಿಯೊ ಚಾನೆಲ್‌ಗಳನ್ನು ತೆರೆದಿದ್ದಾರೆ. ಈ ಚಾನೆಲ್‌ಗಳ ಇತಿಹಾಸ ಬಹುತೇಕ ಒಂದೇ ಬಗೆಯದು. ಮೊದಲ ಉತ್ಸಾಹದಲ್ಲಿ ಎಂಟು ಹತ್ತು ವಿಡಿಯೊಗಳು ಹೊರಬರುತ್ತವೆ: ತೋಟದ ನೋಟ, ಯಂತ್ರದ ಪೂಜೆ, ಪೊಟ್ಟಣದ ಪರಿಚಯ, ಹಬ್ಬದ ಶುಭಾಶಯ. ಅನಂತರ ತಿಂಗಳುಗಟ್ಟಲೆ ಮೌನ. ಕಾರಣ ಕೇಳಿದರೆ, ತೋರಿಸುವುದನ್ನೆಲ್ಲ ತೋರಿಸಿಯಾಯಿತು, ಹೊಸದೇನೂ ಹೊಳೆಯುತ್ತಿಲ್ಲ ಎಂಬ ಉತ್ತರ ಬರುತ್ತದೆ.

ಈ ಉತ್ತರವನ್ನು ಒಪ್ಪುವುದು ಕಷ್ಟ. ಅಂಗಡಿಯ ಕಟ್ಟೆಯ ಮೇಲೆ ದಿನಕ್ಕೆ ಹತ್ತು ಪ್ರಶ್ನೆಗಳಿಗೆ ಉತ್ತರಿಸುವ ವರ್ತಕನಿಗೆ ವಿಷಯದ ಬರವಿರಲು ಸಾಧ್ಯವಿಲ್ಲ. ಆತನಲ್ಲಿ ಇಲ್ಲದಿರುವುದು ಆ ಪ್ರಶ್ನೆಗಳನ್ನು ಬರೆದಿಡುವ ಅಭ್ಯಾಸ. ಸರಕಿನ ದಾಸ್ತಾನಿಗೆ ಪುಸ್ತಕವಿಡುವ ಉದ್ಯಮಿ ವಿಷಯದ ದಾಸ್ತಾನಿಗೂ ಒಂದು ಪುಸ್ತಕವಿಟ್ಟರೆ, ಹೊಸ ವಿಚಾರವೆಂಬುದು ದೈವದತ್ತ ಪ್ರತಿಭೆಯ ಮಾತಾಗಿ ಉಳಿಯದೆ ದಿನನಿತ್ಯದ ಕೆಲಸವಾಗುತ್ತದೆ.

ಮಾತು ಬೇಡದಿದ್ದ ಮಾರುಕಟ್ಟೆ

ಈ ಪ್ರಶ್ನೆಗೆ ಇಂದು ಇಷ್ಟು ಮಹತ್ವ ಬಂದುದೇಕೆ ಎಂಬುದನ್ನು ಅರಿಯಲು ಕಾಫಿ ವ್ಯಾಪಾರದ ಹಿನ್ನೆಲೆಯನ್ನು ಒಮ್ಮೆ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾರಿಗೆ ಬಂದು 1942ರ ಕಾಯಿದೆಯಿಂದ ನೆಲೆಗೊಂಡ ಸಂಗ್ರಹ ಪದ್ಧತಿಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸುತ್ತಿದ್ದ. ಹರಾಜು, ರಫ್ತು, ಬೆಲೆ ಇವೆಲ್ಲ ಮಂಡಳಿಯ ಹೊಣೆಯಾಗಿದ್ದವು. ಯಾರ ಕಾಫಿ ಯಾವ ಊರಿನದೆಂದು ಕುಡಿಯುವವರಿಗೆ ತಿಳಿಯುತ್ತಿರಲಿಲ್ಲ, ತಿಳಿಸುವ ಅಗತ್ಯವೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಈ ನಿರ್ಬಂಧ ಹಂತ ಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರನಿಗೆ ಮಾರಾಟದ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಅದೇ ವರ್ಷ, ಚಿಕ್ಕಮಗಳೂರಿನ ಬೆಳೆಗಾರ ಕುಟುಂಬದಿಂದ ಬಂದ ದಿವಂಗತ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕೆಫೆ ಕಾಫಿ ಡೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. ಅಲ್ಲಿ ಕಾಫಿಯ ಜೊತೆಗೆ ಅಂತರ್ಜಾಲ ಬಳಕೆಯನ್ನೂ ಒದಗಿಸಲಾಗಿತ್ತೆಂಬುದು ಗಮನಾರ್ಹ. ಕಾಫಿಗೂ ಅಂತರ್ಜಾಲಕ್ಕೂ ಈ ಜಿಲ್ಲೆಯಲ್ಲಿ ಅಂದಿನಿಂದಲೂ ನಂಟಿದೆ.

ಮುಂದಿನ ಬೆಳವಣಿಗೆಗಳು ವೇಗವಾಗಿ ನಡೆದವು. 2005ರಲ್ಲಿ ಯೂಟ್ಯೂಬ್ ಆರಂಭವಾಯಿತು. 2016ರಲ್ಲಿ ಜಿಯೋ ಸೇವೆ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧಗೊಂಡ ಕೆಲವೇ ತಿಂಗಳುಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಇದರ ನಡುವೆ, 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂದಿದೆ. ಆ ಹೆಸರಿನ ಹಿಂದೆ ಏನಿದೆ ಎಂದು ಗ್ರಾಹಕನಿಗೆ ವಿವರಿಸುವವರು ಮಾತ್ರ ಕಡಿಮೆ.

ವಿವರಿಸದಿದ್ದರೆ ಆಗುವ ನಷ್ಟ ಕಾಲ್ಪನಿಕವಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಅನಾವೃಷ್ಟಿಯಿಂದ ಫಸಲು ಕುಗ್ಗಿದ್ದೂ ಸೇರಿದಂತೆ ನಾನಾ ಕಾರಣಗಳಿಂದ 2024 ಮತ್ತು 2025ರಲ್ಲಿ ಕಾಫಿ ಬೀಜದ ಬೆಲೆ ದಾಖಲೆಯ ಮಟ್ಟಕ್ಕೇರಿತು. ಬೀಜ ಕೊಂಡು ಹುರಿದು ಮಾರುವ ಸಣ್ಣ ಘಟಕಗಳಿಗೆ ಪುಡಿಯ ಬೆಲೆ ಏರಿಸದೆ ಬೇರೆ ದಾರಿಯಿರಲಿಲ್ಲ. ಏರಿಕೆಯ ಕಾರಣ ತಿಳಿಯದ ಗ್ರಾಹಕ ಚಿಕೋರಿ ಹೆಚ್ಚಿರುವ ಅಗ್ಗದ ಪೊಟ್ಟಣದತ್ತ ಹೊರಳುವುದು ಸಹಜ. ದೊಡ್ಡ ಕಂಪನಿಗಳಿಗೆ ದೂರದರ್ಶನದ ಜಾಹೀರಾತಿದೆ. ಸಣ್ಣ ಘಟಕಕ್ಕೆ ಇರುವುದು ಕೈಯಲ್ಲಿನ ಮೊಬೈಲ್ ಮಾತ್ರ.

ಅನುಕರಣೆಯ ಸುಳಿ

ವಿಷಯ ಹೊಳೆಯದಿದ್ದಾಗ ಹೆಚ್ಚಿನವರು ಹಿಡಿಯುವ ಸುಲಭದ ದಾರಿ ಅನುಕರಣೆ. ಯಾರದೋ ಒಂದು ವಿಡಿಯೊ ಲಕ್ಷ ವೀಕ್ಷಣೆ ಪಡೆಯಿತೆಂದರೆ ಅದೇ ಹಾಡು, ಅದೇ ನಡಿಗೆ, ಅದೇ ಮಾತು. ಮುಳ್ಳಯ್ಯನಗಿರಿ, ದೇವರಮನೆ, ಕ್ಯಾತನಮಕ್ಕಿಗಳ ಮಂಜಿನ ದೃಶ್ಯಗಳು ಸಾವಿರಾರು ಸಂಖ್ಯೆಯಲ್ಲಿ ಈಗಾಗಲೇ ಅಂತರ್ಜಾಲದಲ್ಲಿವೆ. ಆ ದೃಶ್ಯಗಳು ತಂದ ಜನಸಂದಣಿ ಎಷ್ಟಾಯಿತೆಂದರೆ, 2025ರಲ್ಲಿ ಜಿಲ್ಲಾಡಳಿತ ಮುಳ್ಳಯ್ಯನಗಿರಿ ಶ್ರೇಣಿಗೆ ಹೋಗುವ ವಾಹನಗಳಿಗೆ ಮುಂಗಡ ಆನ್‌ಲೈನ್ ನೋಂದಣಿಯನ್ನು ಕಡ್ಡಾಯಗೊಳಿಸಬೇಕಾಯಿತು. ಸಾವಿರದ ಒಂದನೆಯ ಮಂಜಿನ ವಿಡಿಯೊದಿಂದ ವಸ್ತಾರೆಯ ಪುಡಿ ವ್ಯಾಪಾರಿಗೆ ಒಂದು ಪೊಟ್ಟಣದ ವ್ಯಾಪಾರವೂ ಹೆಚ್ಚುವುದು ಸಂಶಯ. ನೋಡಿದವನಿಗೆ ಬೆಟ್ಟ ನೆನಪಿರುತ್ತದೆ, ಅಂಗಡಿ ನೆನಪಿರುವುದಿಲ್ಲ.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಕೇಳಿ ವಿಷಯ ಪಡೆಯುವುದು ಇತ್ತೀಚಿನ ರೂಢಿ. ಪಟ್ಟಿ ಮಾಡಲು, ಶೀರ್ಷಿಕೆ ತಿದ್ದಲು, ಭಾಷಾಂತರಕ್ಕೆ ಅವು ಉಪಯುಕ್ತವೇ. ಆದರೆ ಒಂದೇ ಯಂತ್ರವನ್ನು ಒಂದೇ ಪ್ರಶ್ನೆ ಕೇಳಿದ ಸಾವಿರ ಮಂದಿಗೆ ಹೆಚ್ಚುಕಡಿಮೆ ಒಂದೇ ಉತ್ತರ ದೊರೆಯುತ್ತದೆ. ಕಳೆದ ವಾರ ತನ್ನ ಅಂಗಡಿಗೆ ಬಂದ ಗ್ರಾಹಕ ಏನು ಕೇಳಿದನೆಂಬುದು ವರ್ತಕನಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಯಾಂತ್ರಿಕವಾಗಿ ಸಗಟು ಪ್ರಮಾಣದಲ್ಲಿ ತಯಾರಾಗುವ, ಒಂದರಂತೆ ಇನ್ನೊಂದಿರುವ ವಿಡಿಯೊಗಳಿಗೆ ಜಾಹೀರಾತಿನ ಆದಾಯ ಸಲ್ಲದೆಂಬ ತನ್ನ ನಿಯಮವನ್ನು ಯೂಟ್ಯೂಬ್ ಸಹ 2025ರ ಜುಲೈನಲ್ಲಿ ಮತ್ತಷ್ಟು ಸ್ಪಷ್ಟಪಡಿಸಿದೆ.

ಮೊದಲ ಮೂಲ: ಗಿರಾಕಿಯ ಪ್ರಶ್ನೆ

ಹೊಸ ವಿಷಯಗಳ ಮೊದಲ ಮೂಲ ಗಿರಾಕಿಯ ಬಾಯಿ. ವಸ್ತಾರೆಯಲ್ಲಿ ಕಾಫಿ ಹುರಿದು ಪುಡಿ ಮಾಡುವ ಘಟಕವೊಂದನ್ನು ಉದಾಹರಣೆಗೆ ಭಾವಿಸಿಕೊಳ್ಳಬಹುದು. ಅಲ್ಲಿಗೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಇಂಥವು: ಚಿಕೋರಿ ಎಂದರೇನು, ಅದನ್ನು ಬೆರೆಸುವುದೇಕೆ? ಪೀಬೆರಿಗೆ ಹೆಚ್ಚು ಬೆಲೆಯೇಕೆ? ಅರೇಬಿಕಾಕ್ಕೂ ರೋಬಸ್ಟಾಕ್ಕೂ ರುಚಿಯಲ್ಲಿ ಏನು ವ್ಯತ್ಯಾಸ? ಮನೆಯ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಬೇಗ ಇಳಿದುಹೋಗುವುದೇಕೆ? ಪುಡಿ ಎಷ್ಟು ದಿನ ಘಮ ಉಳಿಸಿಕೊಳ್ಳುತ್ತದೆ?

ಇವುಗಳಲ್ಲಿ ಒಂದೊಂದೂ ಮೂರು ನಿಮಿಷದ ವಿಡಿಯೊಗೆ ಸಾಲುವ ವಿಷಯ. ಚಿಕೋರಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕಾಫಿ ಮತ್ತು ಚಿಕೋರಿಯ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕಿಂತ ಕಡಿಮೆ ಇರಕೂಡದು, ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ನಮೂದಿಸಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಇದನ್ನು ಗ್ರಾಹಕನಿಗೆ ತಿಳಿಸಿ, ಎರಡು ಲೋಟಗಳಲ್ಲಿ ಶುದ್ಧ ಕಾಫಿಯ ಡಿಕಾಕ್ಷನ್ನನ್ನೂ ಮಿಶ್ರಣದ ಡಿಕಾಕ್ಷನ್ನನ್ನೂ ಪಕ್ಕಪಕ್ಕದಲ್ಲಿ ತೋರಿಸಿದರೆ ಸಾಕು. ಆ ವಿಡಿಯೊ ನೋಡಿದವನು ಮುಂದಿನ ಸಲ ಯಾವ ಅಂಗಡಿಗೆ ಹೋದರೂ ಪೊಟ್ಟಣ ತಿರುಗಿಸಿ ಓದುತ್ತಾನೆ. ಪ್ರಾಮಾಣಿಕ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಪ್ರಚಾರ ಬೇಕಿಲ್ಲ.

ಬೆಳೆಗಾರರೊಂದಿಗೆ ವ್ಯವಹರಿಸುವ ಖರೀದಿದಾರರಿಗೂ ಇದೇ ಮಾತು ಅನ್ವಯಿಸುತ್ತದೆ. ಚೆರ್ರಿ ಕಾಫಿಯ ಖರೀದಿಯಲ್ಲಿ ‘ಓ.ಟಿ.’ ಎಂಬ ಮಾತು ದಿನಕ್ಕೆ ನೂರು ಸಲ ಬಳಕೆಯಾಗುತ್ತದೆ. 50 ಕಿಲೋ ತೂಕದ ಒಂದು ಚೀಲ ಒಣ ಚೆರ್ರಿಯಿಂದ ಎಷ್ಟು ಕಿಲೋ ಶುದ್ಧ ಬೀಜ ದೊರೆಯುತ್ತದೆಂಬ ಲೆಕ್ಕವೇ ಔಟ್‌ಟರ್ನ್. ಓ.ಟಿ. 26 ಎಂದರೆ ಚೀಲಕ್ಕೆ 26 ಕಿಲೋ ಬೀಜ. ಸ್ಯಾಂಪಲ್ ತೆಗೆಯುವ ಕ್ರಮ, ಸಿಪ್ಪೆ ಬೇರ್ಪಡಿಸಿ ತೂಗುವ ರೀತಿ, ತೇವಾಂಶ ಅಳೆಯುವ ಬಗೆ ಇವನ್ನು ಕ್ಯಾಮೆರಾದ ಮುಂದೆ ಮಾಡಿ ತೋರಿಸುವ ವ್ಯಾಪಾರಿಯ ಮೇಲೆ ಸಣ್ಣ ಬೆಳೆಗಾರನಿಗೆ ನಂಬಿಕೆ ಹುಟ್ಟುತ್ತದೆ. ತೂಕದ ಬಗ್ಗೆ ಸಂಶಯ ಇರುವಲ್ಲಿ ನಂಬಿಕೆಯೇ ಸರಕು ತರುತ್ತದೆ. ಮೆಣಸಿನ ಲೀಟರ್ ತೂಕ, ಬಿಳಿ ಮೆಣಸು ತಯಾರಾಗುವ ಬಗೆ, ಏಲಕ್ಕಿಯ ಬಣ್ಣ ಉಳಿಸುವ ಒಣಗಿಕೆ ಇವೂ ಇಂಥ ವಿಷಯಗಳೇ.

ಎರಡನೆಯ ಮೂಲ: ತೋಟದ ಪಂಚಾಂಗ

ಪ್ರಶ್ನೆಗಳ ಪಟ್ಟಿ ಖಾಲಿಯಾದಂತೆ ಕಂಡಾಗ ಪಂಚಾಂಗ ನೆರವಿಗೆ ಬರುತ್ತದೆ. ಕಾಫಿ ನಾಡಿನಲ್ಲಿ ವರ್ಷದ ಯಾವ ತಿಂಗಳೂ ಇನ್ನೊಂದರಂತಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗಾಗಿ ಕಾಯುವಿಕೆ. ಮಳೆ ಬಿದ್ದ ವಾರ ಹತ್ತು ದಿನಗಳಲ್ಲಿ ತೋಟವಿಡೀ ಬೆಳ್ಳಗೆ ಅರಳುವ ಹೂವು. ಅನಂತರ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ. ಮುಂಗಾರಿಗೆ ಮುನ್ನ ಮರಗಸಿ ಮತ್ತು ಬೋರ್ಡೋ ಸಿಂಪಡಣೆ. ಮಳೆಗಾಲದಲ್ಲಿ ಕಾಯಿ ಉದುರುವ ಆತಂಕ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಪಲ್ಪಿಂಗ್, ಕಣದ ಕೆಲಸ. ಅದರ ಬೆನ್ನಿಗೇ ರೋಬಸ್ಟಾ ಮತ್ತು ಮೆಣಸು.

ಬೆಂಗಳೂರಿನಲ್ಲಿ ಕಾಫಿ ಕುಡಿಯುವವನಿಗೆ ಇದಾವುದೂ ತಿಳಿದಿಲ್ಲ. ಹೂಮಳೆ ಹದಿನೈದು ದಿನ ತಡವಾದರೆ ಮುಂದಿನ ವರ್ಷದ ತನ್ನ ಲೋಟದ ಬೆಲೆ ಬದಲಾಗಬಹುದೆಂಬುದನ್ನು ಆತ ಊಹಿಸಿಯೂ ಇರುವುದಿಲ್ಲ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಚ್ಚುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅಲ್ಲಿ ಗಾಳಿ ಮತ್ತು ಜೇನುನೊಣದ ಪಾತ್ರ ಹಿರಿದು ಎಂಬ ಒಂದೇ ಸಂಗತಿ ಕಾಫಿ ಮಾರುವವನಿಗೂ ಜೇನು ಮಾರುವವನಿಗೂ ಜಂಟಿಯಾಗಿ ಒಂದು ವಿಡಿಯೊ ಒದಗಿಸುತ್ತದೆ.

ಋತುಮಾನವನ್ನು ನೆಚ್ಚಿ ಯಶಸ್ಸು ಕಂಡ ಉದಾಹರಣೆ ಕನ್ನಡದಲ್ಲೇ ಇದೆ. ಕಾಸರಗೋಡು ಜಿಲ್ಲೆಯ ಸಹೋದರರು 2020ರ ಲಾಕ್‌ಡೌನ್ ಕಾಲದಲ್ಲಿ ಆರಂಭಿಸಿದ ‘ಭಟ್ ಎನ್ ಭಟ್’ ಅಡುಗೆ ಚಾನೆಲ್ಲಿನ ವಸ್ತು ಮನೆಯ ಸುತ್ತಲಿನದು. ಹಲಸು, ಮಾವು, ಹಿತ್ತಲಿನ ಸೊಪ್ಪು, ಊರಿನ ಸಸ್ಯಾಹಾರಿ ಅಡುಗೆ, ಮನೆಯ ಮಾತಿನ ಧಾಟಿ ಇಷ್ಟೇ ಅದರ ಬಂಡವಾಳ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ‘ಡಾ. ಬ್ರೋ’ ಎಂದು ಪ್ರಸಿದ್ಧರಾದ ಗಗನ್ ಶ್ರೀನಿವಾಸ್ ದೇಶದೇಶಗಳನ್ನು ಸುತ್ತಿ ಕನ್ನಡದಲ್ಲಿ ವಿವರಿಸಿದರು. ಎರಡೂ ದಾರಿಗಳು ಗೆದ್ದಿವೆ. ಅಂಗಡಿಯ ಬಾಗಿಲು ಹಾಕಿ ದೇಶ ಸುತ್ತಲಾಗದ ವರ್ತಕನಿಗೆ ಮೊದಲನೆಯದೇ ಹತ್ತಿರದ ದಾರಿ.

ಮೂರನೆಯ ಮೂಲ: ನೆರೆಹೊರೆಯ ಅರಿವು

ಸುತ್ತಲಿನ ಬದುಕಿನಿಂದ ವಸ್ತು ಆಯ್ದುಕೊಳ್ಳುವುದು ಈ ಸೀಮೆಗೆ ಹೊಸ ವಿದ್ಯೆಯೇನಲ್ಲ. ಮೂಡಿಗೆರೆಯಲ್ಲಿ ಕಾಫಿ ಕೃಷಿ ಮಾಡಿಕೊಂಡೇ ಬರೆದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಜೇನು ಸಾಕುವವರು, ಹಾರುವ ಓತಿ, ಊರಿನ ಸಾಮಾನ್ಯರನ್ನು ಇಟ್ಟುಕೊಂಡು 1980ರಲ್ಲಿ ‘ಕರ್ವಾಲೊ’ ಪ್ರಕಟಿಸಿದರು. ವಸ್ತು ಹುಡುಕಿಕೊಂಡು ಅವರು ಪೇಟೆಗೆ ಹೋಗಲಿಲ್ಲ. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಇನ್ನೊಂದು ನಿದರ್ಶನ. ಶ್ರೀ ಪಡ್ರೆ ಅವರ ಸಂಪಾದಕತ್ವದಲ್ಲಿ ಅದು ‘ಕೃಷಿಕರ ಕೈಗೆ ಲೇಖನಿ’ ಎಂಬ ಧ್ಯೇಯದಡಿ ರೈತರಿಂದಲೇ ಬರೆಸಿತು. ಒಬ್ಬ ರೈತ ಕಂಡುಕೊಂಡ ಉಪಾಯ ಇನ್ನೊಬ್ಬನಿಗೆ ಸುದ್ದಿ ಎಂಬುದು ಅದರ ಅನುಭವ. ಲೇಖನಿಯ ಜಾಗಕ್ಕೆ ಈಗ ಮೊಬೈಲ್ ಕ್ಯಾಮೆರಾ ಬಂದಿದೆ, ಸೂತ್ರ ಬದಲಾಗಿಲ್ಲ.

ಈ ಸೂತ್ರದಂತೆ ನಡೆದರೆ ಒಬ್ಬ ಉದ್ಯಮಿಯ ವಿಷಯ ತನ್ನ ನಾಲ್ಕು ಗೋಡೆಗಳಿಗೆ ಸೀಮಿತವಾಗುವುದಿಲ್ಲ. ಪಲ್ಪರ್ ರಿಪೇರಿ ಮಾಡುವ ಮೆಕ್ಯಾನಿಕ್, ಕಪ್ ರುಚಿ ನೋಡುವ ಪರೀಕ್ಷಕರು, ನಲವತ್ತು ವರ್ಷ ಬೀಜ ಆರಿಸಿದ ಮಹಿಳೆಯರು, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರ, ಅಲ್ಲಿಂದ ಬಂದ ಎಸ್.795 ತಳಿ ಹೀಗೆ ವಸ್ತು ಬೆಳೆಯುತ್ತ ಹೋಗುತ್ತದೆ.

ದಾಸ್ತಾನು ಪುಸ್ತಕದ ಕ್ರಮ

ಇಷ್ಟು ಮೂಲಗಳಿದ್ದರೂ ಕ್ರಮವಿಲ್ಲದಿದ್ದರೆ ಫಲವಿಲ್ಲ. ಅಂಗಡಿಯ ಮೇಜಿನ ಮೇಲೆ ಒಂದು ಪುಸ್ತಕವಿರಲಿ. ಗಿರಾಕಿ ಕೇಳಿದ ಪ್ರಶ್ನೆಯನ್ನು ಆತನ ಮಾತಿನಲ್ಲೇ, ದಿನಾಂಕ ಸಹಿತ ಬರೆಯಬೇಕು. ಮಾಲೀಕನ ಮಾತಿನಲ್ಲಿ ಬರೆದರೆ ಪ್ರಶ್ನೆ ಜಾಹೀರಾತಿನ ಸಾಲಾಗಿಬಿಡುತ್ತದೆ. ದೂರವಾಣಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರಶ್ನೆ, ದೂರು, ಹಿಂದಿರುಗಿ ಬಂದ ಸರಕಿನ ಕಾರಣ ಇವೂ ಅದರಲ್ಲಿ ಸೇರಬೇಕು. ತಿಂಗಳ ಕೊನೆಯಲ್ಲಿ ಪುಟ ತಿರುಗಿಸಿದರೆ ಮೂರು ಸಲ ಬಂದ ಪ್ರಶ್ನೆ ಯಾವುದೆಂದು ತಿಳಿಯುತ್ತದೆ. ಮುಂದಿನ ತಿಂಗಳ ಮೊದಲ ವಿಡಿಯೊ ಅದೇ.

ಒಂದು ವಿಡಿಯೊಗೆ ಒಂದೇ ಪ್ರಶ್ನೆ ಎಂಬ ಮಿತಿ ಒಳ್ಳೆಯದು. ಐದು ವಿಷಯಗಳನ್ನು ಒಟ್ಟಿಗೆ ತುರುಕಿದರೆ ನೋಡುವವನಿಗೆ ಆಯಾಸ, ಮಾಡುವವನಿಗೆ ನಾಲ್ಕು ವಿಷಯಗಳ ನಷ್ಟ. ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಇಟ್ಟರೆ ಅಂತರ್ಜಾಲದಲ್ಲಿ ಅದೇ ಪ್ರಶ್ನೆ ಹುಡುಕುವವರಿಗೆ ಅದು ಸಿಗುತ್ತದೆ. ಯಾವ ಕ್ಷಣದಲ್ಲಿ ವೀಕ್ಷಕರು ನೋಡುವುದನ್ನು ಬಿಟ್ಟರೆಂಬ ನಕ್ಷೆಯನ್ನು ಯೂಟ್ಯೂಬ್ ಚಾನೆಲ್ಲಿನ ಒಡೆಯನಿಗೆ ತೋರಿಸುತ್ತದೆ. ಖರ್ಚುವೆಚ್ಚದ ಲೆಕ್ಕ ಓದಬಲ್ಲ ವರ್ತಕನಿಗೆ ಈ ನಕ್ಷೆ ಓದುವುದು ಕಷ್ಟವಲ್ಲ.

ಎರಡು ಆಕ್ಷೇಪಗಳು

ವ್ಯಾಪಾರದ ಗುಟ್ಟನ್ನು ಬಯಲಿಗಿಡುವುದು ಸರಿಯೇ ಎಂಬುದು ಹಿರಿಯ ವರ್ತಕರ ಆಕ್ಷೇಪ. ಇದರಲ್ಲಿ ಹುರುಳಿದೆ. ಬೀಜ ತರುವ ಮೂಲ, ಖರೀದಿಯ ದರ, ಮಿಶ್ರಣದ ಸೂತ್ರ, ಗಿರಾಕಿಗಳ ಪಟ್ಟಿ ಇವು ಮುಚ್ಚಿಡತಕ್ಕವೇ. ಆದರೆ ಹುರಿಯುವಾಗ ಬೀಜ ಸಿಡಿಯುವ ಸದ್ದು, ಫಿಲ್ಟರ್ ತುಂಬುವ ರೀತಿ, ಲೇಬಲ್ ಓದುವ ಬಗೆ ಇವು ಯಾರ ಗುಟ್ಟೂ ಅಲ್ಲ. ಇವನ್ನು ಮೊದಲು ಹೇಳಿದವನು ಕಳೆದುಕೊಳ್ಳುವುದೇನಿಲ್ಲ. ವಿವರಿಸಿದವನೇ ತಿಳಿದವನೆಂದು ಗ್ರಾಹಕ ಭಾವಿಸುತ್ತಾನೆ.

ಇಂಥ ವಿಡಿಯೊಗಳನ್ನು ನೋಡುವವರು ಕೆಲವು ನೂರು ಮಂದಿ ಮಾತ್ರ ಎಂಬುದು ಕಿರಿಯರ ಆಕ್ಷೇಪ. ಲೆಕ್ಕ ಹಾಕಬೇಕಾದ್ದು ಇಲ್ಲಿಯೇ. ಯೂಟ್ಯೂಬ್ ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಆ ಆದಾಯವನ್ನೇ ನಂಬಿದವನಿಗೆ ಸಂಖ್ಯೆಯೇ ಸರ್ವಸ್ವ. ಪುಡಿ, ಮೆಣಸು, ಜೇನು ಮಾರುವವನ ಲಾಭ ಬೇರೆಡೆ ಇದೆ. ಮುನ್ನೂರು ಮಂದಿ ನೋಡಿದ ವಿಡಿಯೊದಿಂದ ಪ್ರತಿ ತಿಂಗಳೂ ಪುಡಿ ತರಿಸುವ ಹತ್ತು ಮನೆಗಳು ದೊರೆತರೆ, ಅದು ಲಕ್ಷ ವೀಕ್ಷಣೆಯ ನೃತ್ಯಕ್ಕಿಂತ ಮೇಲು.

ಮೀರಬಾರದ ಗೆರೆಗಳು

ಹೊಸತನದ ಹಂಬಲದಲ್ಲಿ ಕಾನೂನು ಮತ್ತು ಮರ್ಯಾದೆಗಳನ್ನು ಮರೆಯಬಾರದು. ಹಣ, ಉಚಿತ ಸರಕು ಅಥವಾ ಉಚಿತ ವಸತಿ ಪಡೆದು ಮಾಡುವ ಪ್ರಶಂಸೆಯಲ್ಲಿ ಆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕೆಂಬುದು 2022ರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ. ತಪ್ಪುದಾರಿಗೆಳೆಯುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ, ಮುಂದಿನ ಸಲ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಹೋಂಸ್ಟೇ ನಡೆಸುವವರು ಹೊರಗಿನಿಂದ ಕರೆಸುವ ವಿಡಿಯೊ ತಯಾರಕರಿಗೂ ಇದು ಅನ್ವಯಿಸುತ್ತದೆ. ಜೇನು, ಕಾಫಿ, ಮೆಣಸುಗಳಿಗೆ ರೋಗ ಗುಣಪಡಿಸುವ ಶಕ್ತಿಯನ್ನು ಆರೋಪಿಸುವ ಚಪಲವನ್ನೂ ಬಿಡಬೇಕು. ಸಿನಿಮಾ ಹಾಡನ್ನು ಹಕ್ಕುದಾರರ ಅನುಮತಿಯಿಲ್ಲದೆ ವ್ಯಾಪಾರದ ವಿಡಿಯೊಗೆ ಬಳಸಿದರೆ ಕೃತಿಸ್ವಾಮ್ಯದ ತಕರಾರು ಎದುರಾಗಬಹುದು.

ತೋಟದಲ್ಲಿ, ಕಣದಲ್ಲಿ ದುಡಿಯುವವರ ಮುಖ ತೋರಿಸುವ ಮುನ್ನ ಅವರ ಒಪ್ಪಿಗೆ ಪಡೆಯುವುದು ಸಭ್ಯತೆ. ಕೂಲಿಗೆ ಬಂದವರು ಚಿತ್ರೀಕರಣಕ್ಕೆ ಬಂದವರಲ್ಲ. ಭದ್ರಾ ಮತ್ತು ಕುದುರೆಮುಖದ ಸಂರಕ್ಷಿತ ಅರಣ್ಯಗಳಿಗೆ ಹೊಂದಿಕೊಂಡಿರುವ ಈ ಜಿಲ್ಲೆಯಲ್ಲಿ, ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕ್ಯಾಮೆರಾ, ಡ್ರೋನ್ ಒಯ್ಯುವ ಸಾಹಸವೂ ಸಲ್ಲದು.

ಸಂಘಟನೆಯ ಹೊಣೆ

ಒಬ್ಬೊಬ್ಬರೇ ಮಾಡಲಾಗದ ಕೆಲಸವನ್ನು ಸಂಘ ಸಂಸ್ಥೆಗಳು ಮಾಡಬಹುದು. ತಾಲ್ಲೂಕು ಮಟ್ಟದಲ್ಲಿ ವರ್ತಕರು ತಿಂಗಳಿಗೊಮ್ಮೆ ಸೇರಿ ತಂತಮ್ಮ ಪ್ರಶ್ನೆ ಪುಸ್ತಕಗಳನ್ನು ಓದಿಕೊಂಡರೆ, ಒಬ್ಬನಿಗೆ ಉತ್ತರ ತಿಳಿಯದ ಪ್ರಶ್ನೆಗೆ ಇನ್ನೊಬ್ಬನಲ್ಲಿ ಉತ್ತರ ದೊರೆಯುತ್ತದೆ. ತಾಂತ್ರಿಕ ಸಂಗತಿಗಳನ್ನು ಕಾಫಿ ಮಂಡಳಿಯ ತಜ್ಞರಿಂದ ಪರಿಶೀಲಿಸಿಕೊಂಡರೆ ತಪ್ಪು ಮಾಹಿತಿ ಹರಡುವುದು ತಪ್ಪುತ್ತದೆ. ಒಂದು ಒಳ್ಳೆಯ ಮೈಕ್, ಎರಡು ದೀಪ, ಕ್ಯಾಮೆರಾ ನಿಲ್ಲಿಸುವ ಒಂದು ಸ್ಟ್ಯಾಂಡ್ ಇಷ್ಟನ್ನು ಸದಸ್ಯರ ಬಳಕೆಗೆ ಇಡುವುದು ದೊಡ್ಡ ಖರ್ಚೇನಲ್ಲ. ಪೇಟೆಯಲ್ಲಿ ಕೆಲಸ ಹುಡುಕುತ್ತಿರುವ ಊರಿನ ಯುವಕ ಯುವತಿಯರಿಗೆ ಈ ಕೆಲಸ ಕಲಿಸಿದರೆ ಅವರಲ್ಲಿ ಕೆಲವರಿಗಾದರೂ ಇಲ್ಲಿಯೇ ಜೀವನೋಪಾಯವಾದೀತು.

ಏಳು ಬೀಜಗಳನ್ನು ಯೆಮನ್‌ನಿಂದ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಬಾಬಾಬುಡನ್ನರ ಕಥೆಯನ್ನು ಈ ಜಿಲ್ಲೆಯ ಪ್ರತಿಯೊಂದು ಕಾಫಿ ವಿಡಿಯೊ ಹೇಳುತ್ತದೆ. ಆ ಕಥೆ ಎಲ್ಲರಿಗೂ ಸೇರಿದ್ದು, ಆದ್ದರಿಂದ ಯಾರ ಅಂಗಡಿಗೂ ವಿಶೇಷವಾಗಿ ಸೇರಿದ್ದಲ್ಲ. ನಿನ್ನೆ ಸಂಜೆ ಬಂದ ಗಿರಾಕಿ ಕೇಳಿದ ಪ್ರಶ್ನೆ ಮಾತ್ರ ಆ ಒಂದು ಅಂಗಡಿಯ ಸ್ವಂತ ಆಸ್ತಿ. ಅದನ್ನು ಬರೆದಿಡಲು ಬೇಕಾದದ್ದು ಒಂದು ಪುಸ್ತಕ ಮತ್ತು ಒಂದು ಪೆನ್ನು. ಬರುವ ಕೊಯ್ಲಿನ ವೇಳೆಗೆ ಆ ಪುಸ್ತಕದಲ್ಲಿ ಐವತ್ತು ಪ್ರಶ್ನೆಗಳಿದ್ದರೆ, ವಾರಕ್ಕೊಂದರಂತೆ ಒಂದು ವರ್ಷದ ವಿಡಿಯೊಗಳಿಗೆ ವಸ್ತು ಸಿದ್ಧವಾದಂತೆಯೇ.